ಬಿಗಿ ಬಜೆಟ್ಟಿನ ಪ್ರವಾಸ: ಯಾವ ಆಯ್ಕೆ ನಿಜಕ್ಕೂ ಅಗ್ಗ?

ಕಡಿಮೆ ಹಣದಲ್ಲಿ ಪ್ರವಾಸ ಮುಗಿಸಬೇಕೆಂದು ಲೆಕ್ಕ ಹಾಕಲು ಕುಳಿತವರು ಮೊದಲು ಟಿಕೆಟ್ ದರ ನೋಡುತ್ತಾರೆ, ಆಮೇಲೆ ಕೋಣೆ ಹುಡುಕುತ್ತಾರೆ, ಉಳಿದದ್ದನ್ನು ಅಲ್ಲಿ ಹೋದ ಮೇಲೆ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ಹೀಗೆ ಹೊರಟಾಗ ಪ್ರತಿಯೊಂದು ಹಂತದಲ್ಲೂ ಪಟ್ಟಿಯಲ್ಲಿದ್ದ ಅತಿ ಕಡಿಮೆ ದರವನ್ನೇ ಆರಿಸಿಕೊಂಡಿದ್ದರೂ ಕೊನೆಯ ಮೊತ್ತ ಅಂದುಕೊಂಡದ್ದನ್ನು ಮೀರಿರುತ್ತದೆ. ಪ್ರವಾಸದ ಖರ್ಚುಗಳು ಬಿಡಿಬಿಡಿಯಾಗಿ ಇರುವುದಿಲ್ಲ, ಒಂದರ ಬಾಲ ಇನ್ನೊಂದಕ್ಕೆ ಸಿಕ್ಕಿಕೊಂಡಿರುತ್ತದೆ ಎಂಬುದೇ ಇದಕ್ಕೆ ಕಾರಣ. ಅಗ್ಗದ ವಿಮಾನ ನಡುರಾತ್ರಿ ಊರಾಚೆಯ ನಿಲ್ದಾಣದಲ್ಲಿ ಇಳಿಸಿದರೆ ಟ್ಯಾಕ್ಸಿಯ ಖರ್ಚು ಬರುತ್ತದೆ, ಅಗ್ಗದ ಕೋಣೆ ಊರಂಚಿನಲ್ಲಿದ್ದರೆ ದಿನಕ್ಕೆರಡು ಬಾರಿ ಬಸ್ಸಿನ ಖರ್ಚು ಬರುತ್ತದೆ, ಅಡುಗೆಮನೆಯಿಲ್ಲದ ಕೋಣೆ ಮೂರು ಹೊತ್ತೂ ಹೋಟೆಲಿನ ಊಟವನ್ನು ಕಡ್ಡಾಯ ಮಾಡುತ್ತದೆ.

ಆದ್ದರಿಂದ ಇಲ್ಲಿ ಆಯ್ಕೆಗಳನ್ನು ಹೋಲಿಸಲು ಒಂದೇ ಅಳತೆಯನ್ನು ಇಟ್ಟುಕೊಂಡಿದ್ದೇನೆ. ಮನೆಯ ಬಾಗಿಲು ದಾಟಿದಂದಿನಿಂದ ಮತ್ತೆ ಅದೇ ಬಾಗಿಲಿಗೆ ಬರುವವರೆಗೆ ಆಗುವ ಒಟ್ಟು ವೆಚ್ಚವನ್ನು, ಓಡಾಟದಲ್ಲೇ ಕಳೆದುಹೋದ ದಿನಗಳನ್ನು ಬಿಟ್ಟು ನಿಜವಾಗಿ ಕೈಗೆ ದಕ್ಕಿದ ದಿನಗಳಿಂದ ಭಾಗಿಸಬೇಕು. ಈ ಒಂದು ಅಂಕಿ ಕಣ್ಣ ಮುಂದಿದ್ದರೆ ಜಾಹೀರಾತಿನ ದರಗಳು ಅಷ್ಟಾಗಿ ದಾರಿ ತಪ್ಪಿಸುವುದಿಲ್ಲ.

ದಿನಾಂಕ ಮೊದಲೋ, ಊರು ಮೊದಲೋ

ಊರನ್ನು ಮೊದಲು ನಿಶ್ಚಯಿಸಿ ಆಮೇಲೆ ದಿನಾಂಕ ಹೊಂದಿಸಿಕೊಳ್ಳುವುದು ಒಂದು ದಾರಿ. ರಜೆ ಯಾವಾಗ ಸಿಗುತ್ತದೆಂದು ನೋಡಿ, ಆ ದಿನಗಳಲ್ಲಿ ಯಾವ ಊರು ಅಗ್ಗವೋ ಅಲ್ಲಿಗೆ ಹೋಗುವುದು ಇನ್ನೊಂದು ದಾರಿ. ಕೈ ಬಿಗಿ ಇರುವವರಿಗೆ ಎರಡನೆಯದೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವಿಮಾನದ ಆಸನವಾಗಲಿ ಹೋಟೆಲಿನ ಕೋಣೆಯಾಗಲಿ ಇಂದು ಮಾರಾಟವಾಗದಿದ್ದರೆ ನಾಳೆಗೆ ಉಳಿಯುವ ಸರಕಲ್ಲ. ಹಾಗಾಗಿ ಬೇಡಿಕೆ ಇರುವ ದಿನ ಅವುಗಳ ದರ ಏರುತ್ತದೆ, ಇಲ್ಲದ ದಿನ ಇಳಿಯುತ್ತದೆ. ಅದೇ ಆಸನ, ಅದೇ ಹಾಸಿಗೆ, ಅದೇ ಕಿಟಕಿ. ಬದಲಾಗುವುದು ಕ್ಯಾಲೆಂಡರ್ ಮಾತ್ರ.

ಸೀಸನ್ನಿನಲ್ಲಿ ಮೂರು ಬಗೆಯಿದೆ. ಶಾಲೆಗಳಿಗೆ ರಜೆ ಇರುವ, ಹಬ್ಬಗಳು ಬರುವ, ಹವಾಮಾನ ಹಿತವಾಗಿರುವ ಕಾಲ ದುಬಾರಿ. ಹವಾಮಾನ ಕೈಕೊಡುವ ಕಾಲ ಅಗ್ಗ. ಇವೆರಡರ ನಡುವೆ, ಜನಜಂಗುಳಿ ಕರಗಿದ್ದರೂ ಹವೆ ಇನ್ನೂ ಕೆಟ್ಟಿರದ ಕೆಲವು ವಾರಗಳು ಸಿಗುತ್ತವೆ. ಹಣ ಉಳಿಸುವವರು ಅತ್ಯಂತ ಅಗ್ಗದ ತಿಂಗಳಿಗಿಂತ ಈ ನಡುಗಾಲವನ್ನು ಆರಿಸುವುದು ಒಳ್ಳೆಯದು. ಪೂರ್ತಿ ಆಫ್ ಸೀಸನ್ನಿನಲ್ಲಿ ಕೋಣೆಯ ಬಾಡಿಗೆ ಪಾತಾಳಕ್ಕೆ ಇಳಿದಿರುವುದು ನಿಜ. ಆದರೆ ದೋಣಿ ಸಂಚಾರ ನಿಂತಿರುತ್ತದೆ, ಬಸ್ಸುಗಳ ಸಂಖ್ಯೆ ಕಡಿಮೆಯಾಗಿರುತ್ತದೆ, ನೋಡಲು ಬಂದ ಜಾಗಕ್ಕೇ ಬೀಗ ಬಿದ್ದಿರಬಹುದು, ಇಲ್ಲವೇ ಮಳೆಯಲ್ಲಿ ಮೂರು ದಿನ ಕೋಣೆಯೊಳಗೇ ಕೂರಬೇಕಾಗಬಹುದು. ಹಾಗೆ ಕೂತ ದಿನಗಳನ್ನು ದಕ್ಕಿದ ದಿನಗಳ ಲೆಕ್ಕದಿಂದ ತೆಗೆದರೆ ದಿನದ ವೆಚ್ಚ ಮತ್ತೆ ಮೇಲೇರುತ್ತದೆ. ಸಮಭಾಜಕದ ದಕ್ಷಿಣಕ್ಕೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬೇಸಿಗೆ ಎಂಬುದನ್ನೂ, ಹಿಮದಾಟದ ಊರುಗಳಲ್ಲಿ ಚಳಿಗಾಲವೇ ದುಬಾರಿ ಕಾಲ ಎಂಬುದನ್ನೂ ನೆನಪಿಟ್ಟುಕೊಂಡರೆ, ಒಂದು ಕಡೆ ದರ ನೆತ್ತಿಗೇರಿದ ತಿಂಗಳಲ್ಲೇ ಇನ್ನೊಂದು ಕಡೆ ದರ ನೆಲ ಕಚ್ಚಿರುತ್ತದೆ ಎಂಬುದು ಗೊತ್ತಾಗುತ್ತದೆ.

ವಾರದೊಳಗಿನ ಏರಿಳಿತವೂ ಸಣ್ಣದಲ್ಲ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಮರಳುವ ಪ್ರಯಾಣಕ್ಕೂ ಮಂಗಳವಾರ ಹೊರಟು ಗುರುವಾರ ಮರಳುವ ಪ್ರಯಾಣಕ್ಕೂ ಸಾಮಾನ್ಯವಾಗಿ ಎದ್ದು ಕಾಣುವಷ್ಟು ವ್ಯತ್ಯಾಸವಿರುತ್ತದೆ. ಆದರೆ ಟಿಕೆಟ್ಟನ್ನು ವಾರದ ಇಂಥ ದಿನವೇ, ಇಂಥ ಗಂಟೆಗೇ ಕೊಂಡರೆ ಅಗ್ಗ ಎಂಬ ಮಾತನ್ನು ನೆಚ್ಚಿಕೊಂಡು ಕಾಯುವುದು ವ್ಯರ್ಥ. ಪ್ರಯಾಣ ಮಾಡುವ ದಿನ ದರವನ್ನು ಬದಲಿಸುವಷ್ಟು, ವಾರದ ಯಾವ ದಿನ ಟಿಕೆಟ್ ಕೊಳ್ಳುತ್ತೀರಿ ಎಂಬುದು ಬದಲಿಸುವುದಿಲ್ಲ.

ದೂರವೋ, ಹತ್ತಿರವೋ

ಹತ್ತಿರದ ಊರು ಅಗ್ಗ, ದೂರದ ಊರು ದುಬಾರಿ ಎಂಬುದು ಎಲ್ಲರೂ ಒಪ್ಪುವ ಮಾತು. ಅದು ಅರ್ಧ ಮಾತ್ರ ಸರಿ. ಉಳಿದರ್ಧ, ಎಷ್ಟು ದಿನ ಇರುತ್ತೀರಿ ಎಂಬುದರ ಮೇಲೆ ನಿಂತಿದೆ.

ಒಂದು ಲೆಕ್ಕ ಮಾಡಿ ನೋಡೋಣ. ಹಣವನ್ನು ಯಾವುದೇ ನಾಣ್ಯದಲ್ಲಿ ಹೇಳದೆ ಪಾಲುಗಳಲ್ಲಿ ಹೇಳುತ್ತೇನೆ. ದೂರದ ಊರಿಗೆ ಹೋಗಿ ಬರಲು 60 ಪಾಲು, ಅಲ್ಲಿ ದಿನದ ಖರ್ಚು 8 ಪಾಲು ಎಂದಿರಲಿ. ಹತ್ತಿರದ ಊರಿಗೆ ಹೋಗಿ ಬರಲು 15 ಪಾಲು ಸಾಕು, ಆದರೆ ಅದು ದುಬಾರಿ ಊರಾದ್ದರಿಂದ ದಿನಕ್ಕೆ 12 ಪಾಲು ಬೇಕು. 5 ದಿನಗಳ ಪ್ರವಾಸಕ್ಕೆ ದೂರದ ಊರು 100 ಪಾಲು ಕೇಳುತ್ತದೆ, ಹತ್ತಿರದ ಊರು 75. ಅದೇ 10 ದಿನಗಳಾದರೆ 140 ಮತ್ತು 135, ಅಂದರೆ ಹೆಚ್ಚು ಕಡಿಮೆ ಸಮ. 12ನೆಯ ದಿನಕ್ಕೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ: 156 ಮತ್ತು 159. ಮೂರು ನಾಲ್ಕು ದಿನಗಳ ರಜೆಗೆ ದೂರ ಹೋಗುವವರು ಹಣದ ಬಹುಪಾಲನ್ನು ದಾರಿಗೇ ಸುರಿಯುತ್ತಾರೆ. ತಿಂಗಳುಗಟ್ಟಲೆ ಬಿಡುವಿರುವವರು ಹತ್ತಿರದ ದುಬಾರಿ ಊರಿನಲ್ಲೇ ಉಳಿದರೂ ಅಷ್ಟೇ ನಷ್ಟ. ವರ್ಷದಲ್ಲಿ ಮೂರು ಸಣ್ಣ ಪ್ರವಾಸಗಳನ್ನು ಮಾಡುವ ಬದಲು ರಜೆಗಳನ್ನು ಒಟ್ಟುಗೂಡಿಸಿ ಒಂದು ದೀರ್ಘ ಪ್ರವಾಸ ಮಾಡಿದರೆ ದಾರಿಯ ಖರ್ಚು ಒಂದೇ ಬಾರಿ ಬೀಳುತ್ತದೆ ಎಂಬುದೂ ಈ ಲೆಕ್ಕದಿಂದಲೇ ಹೊರಡುತ್ತದೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಆದರೆ ಎರಡು ಊರುಗಳ ಖರ್ಚಿನ ಗೆರೆಗಳು ಯಾವ ದಿನ ಒಂದನ್ನೊಂದು ದಾಟುತ್ತವೆ ಎಂದು ಕಾಗದದ ಮೇಲೆ ನೋಡದೆ ಊರನ್ನು ಆರಿಸಬೇಡಿ.

ಇದೇ ತರ್ಕವನ್ನು ಪ್ರವಾಸದೊಳಗಿನ ಓಡಾಟಕ್ಕೂ ಹಚ್ಚಬಹುದು. ಹತ್ತು ದಿನಗಳಲ್ಲಿ ಐದು ಊರು ನೋಡುವ ಯೋಜನೆ ಪಟ್ಟಿಯಲ್ಲಿ ಚೆಂದ ಕಾಣುತ್ತದೆ. ಆದರೆ ಊರು ಬದಲಿಸುವ ಪ್ರತಿ ದಿನವೂ ಟಿಕೆಟ್ಟಿನ ಹಣ, ನಿಲ್ದಾಣಕ್ಕೆ ಹೋಗಿಬರುವ ಹಣ, ಲಗೇಜ್ ಇಡಲು ಲಾಕರಿನ ಬಾಡಿಗೆ, ಹಸಿವಾದಾಗ ನಿಲ್ದಾಣದಲ್ಲೇ ತಿನ್ನಬೇಕಾದ ದುಬಾರಿ ಊಟ ಎಲ್ಲವೂ ಸೇರಿಕೊಳ್ಳುತ್ತವೆ. ದಿನದ ಅರ್ಧ ಅದರಲ್ಲೇ ಹೋಗುತ್ತದೆ. ಒಂದೇ ಊರಿನಲ್ಲಿ ತಳವೂರಿ ಸುತ್ತಲಿನ ಜಾಗಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಹೆಚ್ಚಿನ ಸಂದರ್ಭಗಳಲ್ಲಿ ಅಗ್ಗ. ವಾರದ ಬಾಡಿಗೆಗೆ ರಿಯಾಯಿತಿ ಸಿಗುವುದು ಅದರ ಮೇಲಿನ ಲಾಭ.

ವಿಮಾನ, ರೈಲು, ಬಸ್ಸು, ಸ್ವಂತ ಕಾರು

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವ ಜಾಗ ಇದು, ಹಾಗಾಗಿ ಸ್ವಲ್ಪ ವಿವರವಾಗಿ ನೋಡಬೇಕು.

ಅಗ್ಗದ ವಿಮಾನ ಕಂಪನಿಗಳ ವ್ಯವಹಾರ ನಿಂತಿರುವುದೇ ದರವನ್ನು ಬಿಡಿಸಿ ಮಾರುವುದರ ಮೇಲೆ. ಆಸನ ಆರಿಸಿಕೊಳ್ಳಲು ಒಂದು ಶುಲ್ಕ, ಬ್ಯಾಗಿಗೆ ಒಂದು ಶುಲ್ಕ, ಮೊದಲು ಹತ್ತಲು ಒಂದು ಶುಲ್ಕ, ಊಟಕ್ಕೆ ಮತ್ತೊಂದು. ಕೆಲವು ಕಂಪನಿಗಳಲ್ಲಿ ಚೆಕ್ ಇನ್ ಕೆಲಸವನ್ನು ಮನೆಯಲ್ಲೇ ಮುಗಿಸದೆ ನಿಲ್ದಾಣದ ಕೌಂಟರಿಗೆ ಬಂದರೆ ಅದಕ್ಕೂ ಶುಲ್ಕ. ಇವೆಲ್ಲವನ್ನೂ ಸೇರಿಸಿದಾಗ ಮೂಗಿಗಿಂತ ಮೂಗುತಿ ಭಾರ ಎನ್ನುವಂತಾಗುವುದು ಅಪರೂಪವಲ್ಲ. ಪೂರ್ಣ ಸೇವೆಯ ಕಂಪನಿಯ ಟಿಕೆಟ್ಟಿನಲ್ಲಿ ಬ್ಯಾಗು, ಊಟಗಳು ಸೇರಿರುವುದುಂಟು. ಈಗೀಗ ಆ ಕಂಪನಿಗಳೂ ಬ್ಯಾಗಿಲ್ಲದ ಅಗ್ಗದ ದರ್ಜೆಯೊಂದನ್ನು ಇಟ್ಟಿರುವುದರಿಂದ ಹೆಸರನ್ನು ನಂಬದೆ ಆ ದರ್ಜೆಯಲ್ಲಿ ಏನೇನಿದೆ ಎಂದು ಓದಬೇಕು. ಹೋಲಿಸುವ ಸರಿಯಾದ ವಿಧಾನವೆಂದರೆ ಎರಡೂ ಕಡೆ ನಿಮಗೆ ಬೇಕಾದ ಬ್ಯಾಗನ್ನು ಸೇರಿಸಿ, ಹಣ ಕಟ್ಟುವ ಪುಟದವರೆಗೆ ಹೋಗಿ, ಅಲ್ಲಿ ಕಾಣುವ ಕೊನೆಯ ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳುವುದು.

ಕೈಚೀಲವೊಂದನ್ನೇ ಹಿಡಿದು ಹೊರಡುವವರಿಗೆ ಅಗ್ಗದ ಕಂಪನಿ ಬಹುಮಟ್ಟಿಗೆ ನಿಜಕ್ಕೂ ಅಗ್ಗವೇ. ಆದರೆ ಆ ಕೈಚೀಲದ ಅಳತೆಯನ್ನು ಮನೆಯಲ್ಲೇ ಟೇಪು ಹಿಡಿದು ನೋಡಿಕೊಳ್ಳಬೇಕು, ಚಕ್ರ ಹಿಡಿಕೆಗಳೂ ಅಳತೆಯೊಳಗೆ ಸೇರುತ್ತವೆ. ಹತ್ತುವ ಬಾಗಿಲಿನ ಬಳಿ ಒಂದು ಲೋಹದ ಚೌಕಟ್ಟು ಇಟ್ಟಿರುತ್ತಾರೆ. ಸಿಬ್ಬಂದಿ ಬೆರಳು ತೋರಿಸಿದವರು ತಮ್ಮ ಚೀಲವನ್ನು ಅದರೊಳಗೆ ಇಳಿಸಿ ತೋರಿಸಬೇಕು. ಬೀಗಿದ ಚೀಲ ಅರ್ಧಕ್ಕೇ ನಿಲ್ಲುತ್ತದೆ, ಅದರೊಳಗಿನ ಸ್ವೆಟರನ್ನು ಹೊರಗೆಳೆದು ಸೆಕೆಯಲ್ಲೇ ಮೈಮೇಲೆ ಏರಿಸಿಕೊಳ್ಳುತ್ತಾರೆ, ಆಗಲೂ ಹಿಡಿಕೆ ಎರಡು ಬೆರಳು ಮೇಲಕ್ಕೆ ಕಾಣುತ್ತಿದ್ದರೆ ಕಾರ್ಡು ಹೊರಗೆ ತೆಗೆಯಲೇಬೇಕು. ಅಲ್ಲಿ ವಸೂಲಿ ಮಾಡುವ ಶುಲ್ಕ ಮುಂಚಿತವಾಗಿ ಕಟ್ಟುವುದಕ್ಕಿಂತ ಬಹಳ ಹೆಚ್ಚು. ತೂಕದ ಮಿತಿ ಅನೇಕ ಕಂಪನಿಗಳಲ್ಲಿ 7ರಿಂದ 10 ಕಿಲೋ.

ಬೇರೆ ಬೇರೆ ಕಂಪನಿಗಳ ಎರಡು ಅಗ್ಗದ ಟಿಕೆಟ್ಟುಗಳನ್ನು ಜೋಡಿಸಿಕೊಂಡು ಹೋಗುವುದು ಮತ್ತೊಂದು ಆಯ್ಕೆ. ಒಂದೇ ಟಿಕೆಟ್ಟಿನಲ್ಲಿ ವಿಮಾನ ಬದಲಿಸುವ ಪ್ರಯಾಣಕ್ಕೆ ಹೋಲಿಸಿದರೆ ಇದು ಕೆಲವೊಮ್ಮೆ ಗಣನೀಯವಾಗಿ ಅಗ್ಗ. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಅದು ನಿಮ್ಮ ಪಾಡು. ಒಂದೇ ಟಿಕೆಟ್ಟಾಗಿದ್ದರೆ ಮುಂದಿನ ವಿಮಾನದಲ್ಲಿ ಕಳಿಸಿಕೊಡುವ ಹೊಣೆ ಕಂಪನಿಯದು. ಯುರೋಪಿಯನ್ ಒಕ್ಕೂಟದ 2004ರ 261ನೆಯ ನಿಯಮಾವಳಿಯ ಅಡಿಯಲ್ಲಿ, ಕಂಪನಿಯ ಕೈಮೀರಿದ ಅಸಾಧಾರಣ ಕಾರಣಗಳಿಲ್ಲದೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿಸಿದರೆ ದೂರವನ್ನು ನೋಡಿ 250ರಿಂದ 600 ಯೂರೋವರೆಗೆ ಪರಿಹಾರ ಕೇಳುವ ಹಕ್ಕು ಪ್ರಯಾಣಿಕರಿಗಿದೆ. ಒಂದೇ ಬುಕಿಂಗಿನಲ್ಲಿದ್ದರೆ ಕೊನೆಯ ಊರಿಗೆ ಎಷ್ಟು ತಡವಾಯಿತು ಎಂಬುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಬಿಡಿ ಟಿಕೆಟ್ಟುಗಳಿಗೆ ಈ ಸರಪಳಿ ಇರುವುದಿಲ್ಲ. ನನ್ನ ಮಟ್ಟಿಗೆ, ನಡುವಿನ ಊರಿನಲ್ಲಿ ಒಂದು ರಾತ್ರಿ ತಂಗುವ ಯೋಜನೆ ಇದ್ದಾಗ ಮಾತ್ರ ಬಿಡಿ ಟಿಕೆಟ್ಟುಗಳು ಒಪ್ಪತಕ್ಕವು. ಎರಡು ಗಂಟೆಯ ಅಂತರದಲ್ಲಿ ಜೋಡಿಸುವುದು ಉಳಿತಾಯವಲ್ಲ, ಜೂಜು.

ರಾತ್ರಿಯ ರೈಲು ಅಥವಾ ಬಸ್ಸು ಒಂದು ರಾತ್ರಿಯ ಕೋಣೆ ಬಾಡಿಗೆಯನ್ನು ಉಳಿಸುತ್ತದೆ ಎಂಬುದು ನಿಜ. ಮಲಗುವ ಬರ್ತ್ ಇದ್ದರೆ ಈ ಲೆಕ್ಕ ಗಟ್ಟಿ. ಕುಳಿತೇ ರಾತ್ರಿ ಕಳೆಯಬೇಕಾದ ಬಸ್ಸಾದರೆ, ಬೆಳಿಗ್ಗೆ ಆರಕ್ಕೆ ಇಳಿದು, ಮಧ್ಯಾಹ್ನ ಎರಡರವರೆಗೆ ಕೋಣೆ ಸಿಗದೆ, ನಿದ್ದೆಗೆಟ್ಟ ಕಣ್ಣಿನಲ್ಲಿ ಕಾಫಿ ಅಂಗಡಿಗಳಲ್ಲಿ ಹೊತ್ತು ಕಳೆಯುವ ದಿನವನ್ನು ದಕ್ಕಿದ ದಿನ ಎನ್ನಬೇಕೋ ಬೇಡವೋ ನೀವೇ ತೀರ್ಮಾನಿಸಿ. ನಲವತ್ತು ದಾಟಿದವರಿಗೆ ಬೇಡ ಎಂದೇ ನನ್ನ ಸಲಹೆ.

ಸ್ವಂತ ಅಥವಾ ಬಾಡಿಗೆ ಕಾರಿನ ಲೆಕ್ಕ ಎಷ್ಟು ಜನ ಎಂಬುದರ ಮೇಲೆ ನಿಂತಿದೆ. ರೈಲು ಬಸ್ಸುಗಳ ಖರ್ಚು ಪ್ರತಿ ತಲೆಗೂ ಹೆಚ್ಚುತ್ತದೆ. ಕಾರಿನ ಇಂಧನ ಒಬ್ಬರಿದ್ದರೂ ನಾಲ್ವರಿದ್ದರೂ ಬಹುತೇಕ ಅಷ್ಟೇ. ಒಂಟಿ ಪ್ರಯಾಣಿಕನಿಗೆ ಕಾರು ಬಹುಪಾಲು ನಷ್ಟ, ನಾಲ್ವರ ಕುಟುಂಬಕ್ಕೆ ಹಳ್ಳಿಗಾಡಿನ ಪ್ರವಾಸದಲ್ಲಿ ಬಹುಪಾಲು ಲಾಭ, ದೊಡ್ಡ ನಗರಕ್ಕೆ ಹೋಗುವುದಾದರೆ ಪಾರ್ಕಿಂಗ್ ಶುಲ್ಕವೇ ಆ ಲಾಭವನ್ನು ತಿಂದುಹಾಕುತ್ತದೆ. ಬಾಡಿಗೆ ಕಾರನ್ನು ಒಂದು ಊರಿನಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ಬೀಳುವ ಹೆಚ್ಚುವರಿ ಶುಲ್ಕವನ್ನೂ, ಕೌಂಟರಿನಲ್ಲಿ ಒತ್ತಾಯಿಸಿ ಮಾರುವ ವಿಮೆಯನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಾಸು ಕೊಳ್ಳಬೇಕೋ, ಬಿಡಿ ಟಿಕೆಟ್ಟು ಸಾಕೋ

ರೈಲು ಪಾಸುಗಳಿಗೆ ಒಂದು ಕಾಲದ ಖ್ಯಾತಿ ಇನ್ನೂ ಅಂಟಿಕೊಂಡಿದೆ. ಯುರೋಪಿನ ಹೊರಗಿನವರಿಗಾಗಿ ಯೂರೇಲ್ ಪಾಸು 1959ರಲ್ಲೂ, ಅಲ್ಲಿಯ ಯುವಜನರಿಗಾಗಿ ಇಂಟರ್‌ರೇಲ್ ಪಾಸು 1972ರಲ್ಲೂ ಬಂದಾಗ ಅವು ಕಡಿಮೆ ಹಣದ ಪ್ರವಾಸಿಗರಿಗೆ ವರವಾಗಿದ್ದವು. ಇಂದು ಅನೇಕ ವೇಗದ ರೈಲುಗಳಲ್ಲಿ ಪಾಸಿದ್ದರೂ ಆಸನ ಕಾದಿರಿಸುವ ಶುಲ್ಕ ಬೇರೆ ಕಟ್ಟಬೇಕು. ಇನ್ನೊಂದು ಕಡೆ, ವಾರಗಳ ಮುಂಚೆ ಕೊಂಡ ಬಿಡಿ ಟಿಕೆಟ್ಟುಗಳು ಬಹಳ ಇಳಿದ ದರಕ್ಕೆ ಸಿಗುತ್ತವೆ. ಜಪಾನಿನ ರೈಲು ಪಾಸು ಇನ್ನೂ ಸ್ಪಷ್ಟವಾದ ಉದಾಹರಣೆ. ಏಳು ದಿನಗಳ ಸಾಮಾನ್ಯ ದರ್ಜೆಯ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಅದಕ್ಕೂ ಮುಂಚೆ ಟೋಕಿಯೋ ಮತ್ತು ಕ್ಯೋಟೋ ನಡುವೆ ಒಮ್ಮೆ ಹೋಗಿ ಬಂದರೆ ಪಾಸಿನ ಹಣ ಹೆಚ್ಚುಕಡಿಮೆ ಹುಟ್ಟುತ್ತಿತ್ತು. ಈಗ ಆ ಓಡಾಟ ಸಾಲದು. ಹಳೆಯ ಪ್ರವಾಸ ಕಥನಗಳನ್ನು ಓದಿ ಪಾಸು ಕೊಳ್ಳುವವರು ಎಡವುವುದು ಇಲ್ಲಿಯೇ.

ಮಾರ್ಗವನ್ನು ಮೊದಲೇ ಗೊತ್ತುಪಡಿಸಿಕೊಳ್ಳಬಲ್ಲವರು ಬಿಡಿ ಟಿಕೆಟ್ಟುಗಳನ್ನೂ, ಎಲ್ಲಿ ಇಳಿಯುತ್ತೇನೋ ಗೊತ್ತಿಲ್ಲ ಎಂದು ಹೊರಡುವವರು ಪಾಸನ್ನೂ ಆರಿಸುವುದು ಸರಿ. ಪಾಸಿಗೆ ಕೊಡುವ ಹೆಚ್ಚಿನ ಹಣ ಆ ಸ್ವಾತಂತ್ರ್ಯದ ಬೆಲೆ.

ಒಮ್ಮೆ ಕೊಂಡರೆ ಹಲವು ಜಾಗಗಳಿಗೆ ಪ್ರವೇಶ ಕೊಡುವ ನಗರಗಳ ಪ್ರವಾಸಿ ಕಾರ್ಡುಗಳ ವಿಷಯದಲ್ಲಿ ನಾನು ಇನ್ನೂ ಕಟುವಾಗಿದ್ದೇನೆ. ಅವುಗಳ ಕರಪತ್ರದಲ್ಲಿ ನಲವತ್ತು ಐವತ್ತು ಜಾಗಗಳ ಹೆಸರಿರುತ್ತದೆ, ನೀವು ನಿಜವಾಗಿ ಹೋಗುವುದು ನಾಲ್ಕಕ್ಕೆ. ಆ ನಾಲ್ಕರ ಬಿಡಿ ಪ್ರವೇಶ ಶುಲ್ಕವನ್ನು ಕೂಡಿ ನೋಡಿ. ಹಿರಿಯರು, ವಿದ್ಯಾರ್ಥಿಗಳು, ಮಕ್ಕಳಿಗೆ ಮೊದಲೇ ರಿಯಾಯಿತಿ ಇದ್ದರೆ ಅದನ್ನು ಕಳೆಯಿರಿ. ಉಚಿತವಾಗಿ ಸಿಗುವುದನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಬ್ರಿಟನ್ನಿನ ರಾಷ್ಟ್ರೀಯ ವಸ್ತು ಸಂಗ್ರಹಾಲಯಗಳ ಕಾಯಂ ಸಂಗ್ರಹಗಳಿಗೆ 2001ರಿಂದ ಪ್ರವೇಶ ಉಚಿತ. ಮ್ಯಾಡ್ರಿಡ್‌ನ ಪ್ರಾದೋ ಕಲಾ ಸಂಗ್ರಹಾಲಯ ದಿನದ ಕೊನೆಯ ಎರಡು ಗಂಟೆ ಉಚಿತವಾಗಿ ತೆರೆದಿರುತ್ತದೆ. ಲಕ್ಸೆಂಬರ್ಗ್ 2020ರಿಂದ ದೇಶದಾದ್ಯಂತ ಬಸ್ಸು, ಟ್ರಾಮು, ರೈಲುಗಳ ಎರಡನೇ ದರ್ಜೆಯನ್ನು ಪ್ರವಾಸಿಗರಿಗೂ ಸೇರಿಸಿ ಉಚಿತ ಮಾಡಿದೆ. ಇಂಥ ಕಡೆ ಸಾರಿಗೆ ಕಾರ್ಡಿಗಾಗಿ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಎಲ್ಲಿ ತಂಗುವುದು

ಹಾಸ್ಟೆಲಿನ ಹಾಸಿಗೆ, ಹೋಟೆಲಿನ ಕೋಣೆ, ಅಡುಗೆಮನೆಯಿರುವ ಬಾಡಿಗೆ ಮನೆ. ಈ ಮೂರರಲ್ಲಿ ಯಾವುದು ಅಗ್ಗ ಎಂಬುದು ಎಷ್ಟು ಜನ, ಎಷ್ಟು ರಾತ್ರಿ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿದೆ.

ಹಾಸ್ಟೆಲ್ ಎಂಬ ವ್ಯವಸ್ಥೆ ಹುಟ್ಟಿದ್ದೇ ಕಡಿಮೆ ಹಣದ ಪ್ರವಾಸಿಗರಿಗಾಗಿ. ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಯುವ ಹಾಸ್ಟೆಲನ್ನು ತೆರೆದರು. ಒಂಟಿಯಾಗಿ ಹೋಗುವವರಿಗೆ ಇಂದಿಗೂ ಅದಕ್ಕೆ ಸಾಟಿಯಿಲ್ಲ. ಆದರೆ ಹಾಸ್ಟೆಲಿನಲ್ಲಿ ಬಾಡಿಗೆ ತಲೆಗೆ, ಹೋಟೆಲಿನಲ್ಲಿ ಕೋಣೆಗೆ. ಹಾಸಿಗೆಗೆ 5 ಪಾಲು, ಕೋಣೆಗೆ 14 ಪಾಲು ಎಂದಿಟ್ಟುಕೊಂಡರೆ ಇಬ್ಬರಿಗೆ ಹಾಸ್ಟೆಲ್ ಅಗ್ಗ, ಮೂವರಾಗುತ್ತಿದ್ದಂತೆ ಕೋಣೆಯೇ ಅಗ್ಗ, ಹೆಚ್ಚುವರಿ ಹಾಸಿಗೆಗೆ ಬೇರೆ ಹಣ ಕೇಳದಿದ್ದರೆ. ಜೊತೆಗೆ ಕೆಲವು ಹಾಸ್ಟೆಲುಗಳು ಟವೆಲು, ಹೊದಿಕೆ, ಲಾಕರ್‌ಗಳಿಗೆ ಬೇರೆ ಬೇರೆ ಬಾಡಿಗೆ ಕೇಳುತ್ತವೆ. ಒಂದು ಟವೆಲು, ಒಂದು ಸಣ್ಣ ಬೀಗ ಚೀಲದಲ್ಲಿದ್ದರೆ ಆ ಖರ್ಚು ತಪ್ಪುತ್ತದೆ.

ಬಾಡಿಗೆ ಮನೆಯ ಲೆಕ್ಕದಲ್ಲಿ ಶುಚಿಗೊಳಿಸುವ ಶುಲ್ಕವೇ ನಿರ್ಣಾಯಕ. ಅದು ಒಂದು ರಾತ್ರಿಗೂ ಹತ್ತು ರಾತ್ರಿಗೂ ಒಂದೇ. ಮನೆಯ ಬಾಡಿಗೆ ರಾತ್ರಿಗೆ 10 ಪಾಲು, ಶುಚಿಗೊಳಿಸಲು 12 ಪಾಲು, ಹೋಟೆಲಿಗೆ ರಾತ್ರಿಗೆ 14 ಪಾಲು ಎಂದಾದರೆ, ಎರಡು ರಾತ್ರಿಗೆ ಮನೆ 32, ಹೋಟೆಲ್ 28. ಮೂರನೆಯ ರಾತ್ರಿಗೆ ಎರಡೂ 42ಕ್ಕೆ ಬಂದು ನಿಲ್ಲುತ್ತವೆ. ವಾರಕ್ಕೆ ಮನೆ 82, ಹೋಟೆಲ್ 98. ದರದ ಪಟ್ಟಿಯಲ್ಲಿ ಮೊದಲು ಕಾಣುವ ಅಂಕಿಯನ್ನೇ ನೋಡಿ ಎರಡು ರಾತ್ರಿಗೆ ಮನೆ ಹಿಡಿಯುವವರು ಸುಮ್ಮನೆ ಹೆಚ್ಚು ಕೊಡುತ್ತಾರೆ. ಅಮೆರಿಕದಲ್ಲಿ 2025ರ ಮೇ ತಿಂಗಳಿನಿಂದ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಮೊತ್ತವನ್ನೇ ಎದುರಿಗೆ ತೋರಿಸಬೇಕೆಂಬ ನಿಯಮ ಹೋಟೆಲುಗಳಿಗೂ ಅಲ್ಪಾವಧಿ ಬಾಡಿಗೆ ಮನೆಗಳಿಗೂ ಅನ್ವಯಿಸುತ್ತಿದೆ; ಎಲ್ಲ ದೇಶಗಳಲ್ಲೂ ಹಾಗಿಲ್ಲ. ಪ್ರವಾಸಿ ತೆರಿಗೆಯೂ ಅನೇಕ ಕಡೆ ಜಾಹೀರಾತಿನ ದರದ ಹೊರಗೇ ಇರುತ್ತದೆ. ಆಮ್‌ಸ್ಟರ್‌ಡ್ಯಾಮ್ 2024ರಲ್ಲಿ ಅದನ್ನು ಕೋಣೆ ಬಾಡಿಗೆಯ ಶೇಕಡಾ 12.5ಕ್ಕೆ ಏರಿಸಿತು, ಅಂದರೆ ಎಂಟು ರಾತ್ರಿ ಉಳಿದವರು ಒಂಬತ್ತನೆಯ ರಾತ್ರಿಯ ಬಾಡಿಗೆಯನ್ನು ತೆರಿಗೆಯಾಗಿ ಕಟ್ಟಿದಂತೆ.

ಅಡುಗೆಮನೆ ನಿಜವಾಗಿ ಹಣ ಉಳಿಸುತ್ತದೆಯೇ? ಮೂರಕ್ಕಿಂತ ಹೆಚ್ಚು ಜನರಿದ್ದು ಒಂದೇ ಕಡೆ ನಾಲ್ಕೈದು ದಿನ ಉಳಿಯುವುದಾದರೆ ಖಂಡಿತ. ಇಬ್ಬರೇ ಇದ್ದು ಎರಡು ದಿನಕ್ಕೆ ಹೋದರೆ ಎಣ್ಣೆಯ ಬಾಟಲಿ, ಉಪ್ಪಿನ ಪೊಟ್ಟಣ, ಮಸಾಲೆಗಳೆಲ್ಲ ಮುಕ್ಕಾಲು ಪಾಲು ಹಾಗೇ ಉಳಿದು ಅಲ್ಲೇ ಬಿಟ್ಟುಬರಬೇಕಾಗುತ್ತದೆ. ಬೆಳಗಿನ ತಿಂಡಿ ಕೋಣೆಯಲ್ಲಿ, ದಿನದ ಮುಖ್ಯ ಊಟ ಮಧ್ಯಾಹ್ನ ಹೊರಗೆ, ರಾತ್ರಿ ಏನಾದರೂ ಹಗುರವಾದದ್ದು ಎಂಬ ಏರ್ಪಾಡು ಹೆಚ್ಚಿನವರಿಗೆ ಹೊಂದುತ್ತದೆ. ಅನೇಕ ಹೋಟೆಲುಗಳಲ್ಲಿ ಅದೇ ಅಡುಗೆಗೆ ರಾತ್ರಿಗಿಂತ ಮಧ್ಯಾಹ್ನ ಕಡಿಮೆ ದರವಿರುತ್ತದೆ. ಊಟದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹೊಟ್ಟೆ ಕಟ್ಟಿ ಮಾಡುವ ಉಳಿತಾಯ ಎಷ್ಟೇ ಆದರೂ ತಪ್ಪು ದಿನಾಂಕದಲ್ಲಿ ಹೊರಟ ನಷ್ಟವನ್ನು ತುಂಬಲಾರದು.

ಮನೆ ವಿನಿಮಯ, ಮನೆ ಕಾಯುವ ಕೆಲಸ, ಊಟ ವಸತಿಗೆ ಪ್ರತಿಯಾಗಿ ದಿನಕ್ಕೆ ಕೆಲವು ಗಂಟೆ ದುಡಿಯುವುದು ಇವು ಬಾಡಿಗೆಯನ್ನು ಪೂರ್ತಿ ಇಲ್ಲವಾಗಿಸುವ ದಾರಿಗಳು. ಸಮಯ ಹೆಚ್ಚಿದ್ದು ಹಣ ಕಡಿಮೆ ಇರುವವರಿಗೆ ಇವು ಒಪ್ಪುತ್ತವೆ. ಎಚ್ಚರವಿರಬೇಕಾದ ಸಂಗತಿಯೆಂದರೆ, ಸಂಬಳವಿಲ್ಲದಿದ್ದರೂ ವಸತಿಗಾಗಿ ಮಾಡುವ ದುಡಿಮೆಯನ್ನು ಅನೇಕ ದೇಶಗಳು ಉದ್ಯೋಗವೆಂದೇ ಎಣಿಸುತ್ತವೆ, ಪ್ರವಾಸಿ ವೀಸಾದಲ್ಲಿ ಅದಕ್ಕೆ ಅವಕಾಶವಿರುವುದಿಲ್ಲ. ಗಡಿಯಲ್ಲಿ ವಾಪಸು ಕಳಿಸಿದರೆ ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ.

ಪ್ಯಾಕೇಜೋ, ಸ್ವಂತ ಏರ್ಪಾಡೋ

ಬಜೆಟ್ ಪ್ರವಾಸದ ಬಗ್ಗೆ ಮಾತನಾಡುವವರು ಪ್ಯಾಕೇಜುಗಳನ್ನು ಹೀಗಳೆಯುವುದು ವಾಡಿಕೆ. ಅದು ಪೂರ್ತಿ ನ್ಯಾಯವಲ್ಲ. ಕಡಲತೀರದ ಜನಪ್ರಿಯ ತಾಣಗಳಿಗೆ ಕಂಪನಿಗಳು ಆಸನ ಮತ್ತು ಕೋಣೆಗಳನ್ನು ಸಗಟಾಗಿ ಕೊಂಡಿರುತ್ತವೆ. ಹೊರಡುವ ದಿನ ಹತ್ತಿರವಾದರೂ ಖಾಲಿ ಉಳಿದರೆ ಒಬ್ಬ ಪ್ರವಾಸಿ ತಾನಾಗಿ ಹೊಂದಿಸಲಾಗದ ದರಕ್ಕೆ ಅವುಗಳನ್ನು ಬಿಡುತ್ತವೆ. ಹಲವು ಊರುಗಳನ್ನು ಸುತ್ತುವ ಪ್ರವಾಸದಲ್ಲಿ ಮಾತ್ರ ಸ್ವಂತ ಏರ್ಪಾಡು ಸಾಮಾನ್ಯವಾಗಿ ಅಗ್ಗ. ಪ್ಯಾಕೇಜಿನ ದರ ನೋಡುವಾಗ ಐಚ್ಛಿಕ ಎಂದು ಬರೆದಿರುವ ಪ್ರವಾಸಗಳು, ಊಟ ಎಷ್ಟು ಹೊತ್ತಿನದು, ಒಬ್ಬರೇ ಇದ್ದರೆ ಕೋಣೆಗೆ ಕೇಳುವ ಹೆಚ್ಚುವರಿ ಎಷ್ಟು ಎಂಬ ಮೂರನ್ನು ಕೇಳಿದರೆ ಬಹುತೇಕ ಎಲ್ಲವನ್ನೂ ಕೇಳಿದಂತೆ.

ರಕ್ಷಣೆಯ ದೃಷ್ಟಿಯಿಂದ ಪ್ಯಾಕೇಜಿಗೆ ಒಂದು ತೂಕವಿದೆ. ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ 2019ರ ಸೆಪ್ಟೆಂಬರ್‌ನಲ್ಲಿ ಕುಸಿದಾಗ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರು ಹೊರದೇಶಗಳಲ್ಲಿ ಸಿಕ್ಕಿಕೊಂಡಿದ್ದರು, ಅವರನ್ನು ಸರ್ಕಾರವೇ ಮರಳಿ ಕರೆತರಿಸಿತು. ಪ್ಯಾಕೇಜು ಕೊಂಡು ಇನ್ನೂ ಹೊರಡದಿದ್ದವರಿಗೆ ಅಲ್ಲಿಯ ಆಟಾಲ್ ಎಂಬ ರಕ್ಷಣಾ ಯೋಜನೆಯ ಅಡಿಯಲ್ಲಿ ಹಣ ಹಿಂದಿರುಗಿತು. ಬರೀ ವಿಮಾನದ ಟಿಕೆಟ್ಟು ಕೊಂಡವರಲ್ಲಿ ಅನೇಕರು ತಮ್ಮ ಕಾರ್ಡಿನ ಬ್ಯಾಂಕನ್ನೋ ವಿಮೆಯನ್ನೋ ಎದುರು ನೋಡಬೇಕಾಯಿತು. ನೀವು ಕೊಳ್ಳುವ ದೇಶದಲ್ಲಿ ಇಂಥ ರಕ್ಷಣೆ ಇದೆಯೇ ಎಂಬುದನ್ನು ತಿಳಿದುಕೊಂಡೇ ಮುಂಗಡ ಕಟ್ಟಬೇಕು.

ರದ್ದು ಮಾಡಬಹುದಾದದ್ದೋ, ಮಾಡಲಾಗದ್ದೋ

ಒಂದೇ ಕೋಣೆಗೆ ಎರಡು ದರ ಕಾಣುತ್ತದೆ: ಹಣ ಹಿಂದಿರುಗದ ಕಡಿಮೆ ದರ, ರದ್ದು ಮಾಡಬಹುದಾದ ಹೆಚ್ಚಿನ ದರ. ಎರಡರ ನಡುವೆ ಶೇಕಡಾ ಹತ್ತರ ವ್ಯತ್ಯಾಸವಿದ್ದರೆ, ನಿಮ್ಮ ಯೋಜನೆ ಬದಲಾಗುವ ಸಾಧ್ಯತೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಯೋಚಿಸಿದರೆ ಸಾಕು. ಚಿಕ್ಕ ಮಕ್ಕಳು ಅಥವಾ ವಯಸ್ಸಾದ ತಂದೆತಾಯಿ ಜೊತೆಗಿರುವವರಿಗೆ ಆ ಸಾಧ್ಯತೆ ಹೆಚ್ಚೇ. ರದ್ದು ಮಾಡಬಹುದಾದ ಕೋಣೆಗೆ ಇನ್ನೊಂದು ಅನುಕೂಲವಿದೆ: ಹೊರಡುವ ಹದಿನೈದು ದಿನ ಮುಂಚೆ ಮತ್ತೊಮ್ಮೆ ದರ ನೋಡಿ, ಇಳಿದಿದ್ದರೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬಹುದು. ವಿಮಾನ ಟಿಕೆಟ್ಟಿಗೆ ಇಷ್ಟು ಸಲಿಗೆ ಇಲ್ಲ. ಅಮೆರಿಕಕ್ಕೆ, ಅಲ್ಲಿಂದ, ಅಥವಾ ಅದರೊಳಗೆ ಹಾರುವ ವಿಮಾನಗಳಲ್ಲಿ ಏಳು ದಿನ ಮುಂಚಿತವಾಗಿ ಕಂಪನಿಯಿಂದ ನೇರವಾಗಿ ಕೊಂಡ ಟಿಕೆಟ್ಟನ್ನು 24 ಗಂಟೆಗಳೊಳಗೆ ದಂಡವಿಲ್ಲದೆ ರದ್ದು ಮಾಡಲು, ಇಲ್ಲವೇ ಹಣ ಕಟ್ಟದೆ ಅಷ್ಟು ಹೊತ್ತು ಕಾದಿರಿಸಲು ಕಂಪನಿ ಅವಕಾಶ ಕೊಡಲೇಬೇಕು.

ಪ್ರವಾಸ ವಿಮೆಯನ್ನು ಕೈಬಿಟ್ಟು ಉಳಿತಾಯ ಮಾಡಬಹುದೇ ಎಂದು ಕೇಳಿದರೆ, ಸ್ವಂತ ದೇಶದೊಳಗೆ ಕೆಲವೊಮ್ಮೆ ಹೌದು, ಹೊರದೇಶಕ್ಕೆ ಬೇಡ. ಬ್ಯಾಗು ಕಳೆದರೆ ತಡೆದುಕೊಳ್ಳಬಹುದು, ಹೊರದೇಶದ ಆಸ್ಪತ್ರೆಯ ಬಿಲ್ಲನ್ನು ಬಡ ಬಜೆಟ್ಟು ತಡೆದುಕೊಳ್ಳುವುದಿಲ್ಲ. ವಿಮೆಗಳನ್ನು ಹೋಲಿಸುವಾಗ ಚಿಕಿತ್ಸೆಯ ಮಿತಿ ಎಷ್ಟು, ಮೊದಲೇ ಇರುವ ಕಾಯಿಲೆಗಳಿಗೆ ಅನ್ವಯಿಸುತ್ತದೆಯೇ ಎಂಬುದನ್ನು ನೋಡಿ, ಬ್ಯಾಗಿನ ಪರಿಹಾರವನ್ನಲ್ಲ.

ಹಣವನ್ನು ಒಯ್ಯುವ ಬಗೆ

ವಿಮಾನ ನಿಲ್ದಾಣದ ವಿನಿಮಯ ಕೌಂಟರ್, ಎಟಿಎಂ, ಕಾರ್ಡು ಈ ಮೂರರಲ್ಲಿ ಮೊದಲನೆಯದು ಸಾಮಾನ್ಯವಾಗಿ ಅತ್ಯಂತ ದುಬಾರಿ. ಶುಲ್ಕವಿಲ್ಲ ಎಂದು ಫಲಕ ಹಾಕಿದ್ದರೂ ಲಾಭವನ್ನು ಕೊಳ್ಳುವ ಮತ್ತು ಮಾರುವ ದರಗಳ ಅಂತರದಲ್ಲಿ ಇಟ್ಟಿರುತ್ತಾರೆ. ಎಟಿಎಂನಿಂದ ತೆಗೆಯುವಾಗ ಪ್ರತಿ ಬಾರಿಗೂ ನಿಗದಿತ ಶುಲ್ಕವಿದ್ದರೆ ಸಣ್ಣ ಸಣ್ಣ ಮೊತ್ತವನ್ನು ಹಲವು ಬಾರಿ ತೆಗೆಯುವುದಕ್ಕಿಂತ ಒಮ್ಮೆಗೇ ತೆಗೆಯುವುದು ಲಾಭ. ವಿದೇಶಿ ವಹಿವಾಟಿಗೆ ಹೆಚ್ಚುವರಿ ಶುಲ್ಕ ಹಾಕದ ಕಾರ್ಡು ಸಿಕ್ಕರೆ ಅದೇ ಎಲ್ಲಕ್ಕಿಂತ ಅಗ್ಗ.

ಕಾರ್ಡು ಉಜ್ಜಿದಾಗ ಯಂತ್ರದ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಅಲ್ಲಿನ ನಾಣ್ಯದಲ್ಲಿ ಕಟ್ಟುತ್ತೀರೋ, ನಿಮ್ಮ ದೇಶದ ನಾಣ್ಯದಲ್ಲೋ? ನಿಮ್ಮ ನಾಣ್ಯದ ಮೊತ್ತ ಪರಿಚಿತವಾಗಿ ಕಾಣುವುದರಿಂದ ಬೆರಳು ಅತ್ತಲೇ ಹೋಗುತ್ತದೆ, ಕೆಲವು ಕಡೆ ಅಂಗಡಿಯವರು ಕೇಳದೆಯೇ ಅದನ್ನು ಒತ್ತಿಬಿಡುತ್ತಾರೆ. ಹಾಗೆ ಒಪ್ಪಿದರೆ ವಿನಿಮಯ ದರವನ್ನು ನಿಶ್ಚಯಿಸುವುದು ನಿಮ್ಮ ಬ್ಯಾಂಕಲ್ಲ, ಆ ಯಂತ್ರದ ಹಿಂದಿರುವ ಕಂಪನಿ, ಮತ್ತು ಅದು ತನ್ನ ಲಾಭವನ್ನು ಅದರಲ್ಲೇ ಸೇರಿಸಿಕೊಂಡಿರುತ್ತದೆ. ಆದ್ದರಿಂದ ಅಲ್ಲಿನ ನಾಣ್ಯವನ್ನೇ ಆರಿಸಿ, ಚೀಟಿಯಲ್ಲಿ ಯಾವ ನಾಣ್ಯ ಅಚ್ಚಾಗಿದೆ ಎಂದು ಕೌಂಟರ್ ಬಿಡುವ ಮೊದಲೇ ನೋಡಿ. ತಪ್ಪಿದ್ದರೆ ಆ ವಹಿವಾಟನ್ನು ರದ್ದು ಮಾಡಿ ಮತ್ತೆ ಉಜ್ಜುವಂತೆ ಅಲ್ಲೇ ಕೇಳಿ.